ಬೋರ್ಡಿಗೆ ‘ಲಿಮಿಟೆಡ್’: ಹಾಕಿಸುವುದು ಅಗ್ಗ, ಸಾಕುವುದು ದುಬಾರಿ!

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಕಿಟಕಿ ಬದಿ ಸೀಟು ಸಿಕ್ಕಿದರೆ ರಸ್ತೆ ಪಕ್ಕದ ಬೋರ್ಡುಗಳನ್ನು ಓದಿ ನೋಡಿ. ‘ಸ್ಟೋರ್ಸ್’, ‘ಬ್ರದರ್ಸ್’, ‘ಅಂಡ್ ಸನ್ಸ್’ಗಳ ನಡುವೆ ‘ಪ್ರೈವೇಟ್ ಲಿಮಿಟೆಡ್’ ಎಂಬ ಬಾಲ ಹೊತ್ತ ಹೆಸರುಗಳೂ ಕಣ್ಣಿಗೆ ಬೀಳುತ್ತವೆ. ಬಾಲ ಇದ್ದರೆ ತೂಕ ಜಾಸ್ತಿ. ದೊಡ್ಡ ಗಿರಾಕಿಗಳು ನಂಬುತ್ತಾರೆ. ಹೆಣ್ಣು ಕೊಡುವವರಿಗೂ ‘ಡೈರೆಕ್ಟರ್’ ಎಂದರೆ ಒಂದು ಮರ್ಯಾದೆ! ಎಲ್ಲಕ್ಕಿಂತ ಹೆಚ್ಚಾಗಿ, ಲಿಮಿಟೆಡ್ ಮಾಡಿಬಿಟ್ಟರೆ ವ್ಯಾಪಾರ ಮುಳುಗಿದರೂ ಮನೆ ಮುಳುಗುವುದಿಲ್ಲ ಎಂಬ ಮಾತು ಅಂಗಡಿ ಕಟ್ಟೆಗಳಲ್ಲಿ ಚಲಾವಣೆಯಲ್ಲಿದೆ.

ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅರ್ಧ ನಿಜ ನಂಬಿ ಸಹಿ ಹಾಕಿದವರು ಆಮೇಲೆ ಕೈ ಕೈ ಹಿಸುಕಿಕೊಳ್ಳಬೇಕಾದೀತು. ಹಾಗಾಗಿ ಲೆಕ್ಕ ಬಿಚ್ಚಿ ನೋಡುವುದು ಒಳ್ಳೆಯದು.

ಮನೆಗೂ ಅಂಗಡಿಗೂ ನಡುವೆ ಗೋಡೆ

ಅಣ್ಣ-ತಮ್ಮ ಇಬ್ಬರು ಸೇರಿ ಹಾರ್ಡ್‌ವೇರ್ ಅಂಗಡಿ ಇಟ್ಟರು ಎಂದಿಟ್ಟುಕೊಳ್ಳಿ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಅದು ಪಾರ್ಟ್‌ನರ್‌ಶಿಪ್. ಮಾಲು ಕೊಟ್ಟವರಿಗೆ 20 ಲಕ್ಷ ಬಾಕಿ ಉಳಿಯಿತು, ಅಂಗಡಿಯಲ್ಲಿ ಏನೂ ಉಳಿಯಲಿಲ್ಲ. ಆಗ ಕೋರ್ಟಿಗೆ ಹೋದ ಸಾಲಗಾರ ಅಣ್ಣನ ಮನೆ, ತಮ್ಮನ ತೆಂಗಿನ ತೋಟ ಎರಡರ ಮೇಲೂ ಕಣ್ಣು ಹಾಕಬಹುದು. ತಮ್ಮನ ಕೈಯಲ್ಲಿ ಕಾಸಿಲ್ಲದಿದ್ದರೆ ಅಣ್ಣನೊಬ್ಬನಿಂದಲೇ ಪೂರ್ತಿ ವಸೂಲು ಮಾಡಬಹುದು.

ಇವರೇ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ತಲಾ 50 ಸಾವಿರದ ಶೇರು ಕೊಂಡಿದ್ದರೆ? ಸಾಲ ಕಂಪನಿಯದ್ದು. ಇವರ ಹೊಣೆ ಆ 50 ಸಾವಿರಕ್ಕೆ ಮುಗಿಯಿತು. ಕಾನೂನಿನ ಕಣ್ಣಿಗೆ ಕಂಪನಿ ಬೇರೆಯೇ ಒಬ್ಬ ಆಸಾಮಿ.

ಈ ತತ್ವ ಗಟ್ಟಿಯಾದದ್ದು ಲಂಡನ್ನಿನ ಒಬ್ಬ ಬೂಟು ವ್ಯಾಪಾರಿಯಿಂದ. ಆರನ್ ಸಾಲೊಮನ್ ಎಂಬವ 1892ರಲ್ಲಿ ತನ್ನ ವ್ಯಾಪಾರವನ್ನು ಕಂಪನಿ ಮಾಡಿದ. ಆಗ ಏಳು ಜನ ಬೇಕಿತ್ತು. ಹೆಂಡತಿಗೆ, ಐವರು ಮಕ್ಕಳಿಗೆ ಒಂದೊಂದು ಶೇರು ಕೊಟ್ಟು 20,001 ಶೇರು ತಾನೇ ಇಟ್ಟುಕೊಂಡ. ಕಂಪನಿ ಬೇಗನೆ ಮುಳುಗಿತು. ‘ಇದು ಬರೀ ನಾಟಕ, ಎಲ್ಲಾ ಅವನದ್ದೇ’ ಎಂದು ಸಾಲ ಕೊಟ್ಟವರ ಪರವಾಗಿ ವಾದವಾಯಿತು. 1896ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಕಂಪನಿ ಬೇರೆ, ಸಾಲೊಮನ್ ಬೇರೆ. ನಮ್ಮ ಕೋರ್ಟುಗಳಲ್ಲೂ ಇಂದಿಗೂ ಆ ತೀರ್ಪಿಗೆ ಬೆಲೆ ಉಂಟು.

ಉಡುಪಿಗೆ ಇದು ಹೊಸತಲ್ಲ

1925ರಲ್ಲಿ ಉಡುಪಿಯಲ್ಲೇ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್ ಹುಟ್ಟಿತು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಹಾಕಿದ ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಉದ್ದೇಶ. ಅಂಗಡಿ ಬಾಗಿಲಿಗೇ ಬಂದು ಚಿಲ್ಲರೆ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ಇಲ್ಲಿಂದಲೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಶೇರು ಹಾಕಿದವನ ಮನೆಮಠ ಪಣಕ್ಕಿಡದೆ ಹತ್ತು ಜನರ ದುಡ್ಡು ಒಟ್ಟುಗೂಡಿಸುವುದಕ್ಕೆ ಲಿಮಿಟೆಡ್ ಎಂಬುದು ಒಳ್ಳೆಯ ಸಾಧನ ಎನ್ನಲು ಬೇರೆ ಸಾಕ್ಷಿ ಬೇಡ.

ಏನೇನು ಬೇಕು?

ಈಗಿರುವುದು 2013ರ ಕಂಪನಿ ಕಾಯಿದೆ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಶೇರುದಾರರು, ಇಬ್ಬರು ನಿರ್ದೇಶಕರು ಬೇಕು. ಅವರೇ ಇವರಾದರೂ ಅಡ್ಡಿಯಿಲ್ಲ. ಶೇರುದಾರರ ಸಂಖ್ಯೆ 200 ಮೀರಬಾರದು. ಒಬ್ಬ ನಿರ್ದೇಶಕನಾದರೂ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇರುವವನಾಗಿರಬೇಕು. ದುಬೈಯಲ್ಲಿರುವ ಅಣ್ಣ, ಮಸ್ಕತ್‌ನಲ್ಲಿರುವ ತಮ್ಮ ಇಬ್ಬರೇ ಸೇರಿ ಮಾಡುತ್ತೇವೆ ಎಂದರೆ ನಡೆಯದು. ಊರಿನಲ್ಲೊಬ್ಬರು ಬೇಕೇ ಬೇಕು.

ಪ್ಯಾನ್, ಗುರುತಿನ ಚೀಟಿ, ವಿಳಾಸದ ದಾಖಲೆ, ಡಿಜಿಟಲ್ ಸಹಿ ಬೇಕು. ಕಚೇರಿ ವಿಳಾಸಕ್ಕೆ ಇತ್ತೀಚಿನ ಕರೆಂಟು ಬಿಲ್ಲು, ಬಾಡಿಗೆ ಕಟ್ಟಡವಾದರೆ ಮಾಲೀಕರ ಒಪ್ಪಿಗೆ ಪತ್ರ. ಕಂಪನಿ ಏನು ವ್ಯಾಪಾರ ಮಾಡುತ್ತದೆ ಎನ್ನುವ ಮೆಮೊರಾಂಡಮ್, ಒಳಗಿನ ಕಾರುಬಾರು ಹೇಗೆ ಎನ್ನುವ ಆರ್ಟಿಕಲ್ಸ್. ಬೇರೆ ಕಂಪನಿಯ ಹೆಸರಿಗೆ ಹೋಲುವ ಹೆಸರು ತಿರಸ್ಕಾರವಾಗುತ್ತದೆ. ಒಪ್ಪಿಗೆ ಸಿಕ್ಕರೂ ಹೊಸ ಕಂಪನಿಗೆ ಕಾಯ್ದಿಡುವುದು 20 ದಿನ ಮಾತ್ರ.

ಹೆಸರು ಸಿಕ್ಕ ಮೇಲೆ ಬೋರ್ಡಿಗೂ ಕಾನೂನು ಉಂಟು. ಕಂಪನಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಆ ಊರಿನ ಜನ ಬಳಸುವ ಭಾಷೆಯ ಲಿಪಿಯಲ್ಲೂ ಇರಬೇಕು ಎನ್ನುತ್ತದೆ 12ನೇ ಕಲಂ. ಅಂದರೆ ಇಲ್ಲಿ ಕನ್ನಡ ಕಡ್ಡಾಯ! ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ ಒಂದು ಲಕ್ಷದ ತನಕ ದಂಡ.

ಸರಕಾರಕ್ಕೆ ಕಟ್ಟುವುದೆಷ್ಟು?

ಲಕ್ಷ ರೂಪಾಯಿ ಬಂಡವಾಳ ತೋರಿಸಬೇಕು ಎಂದು ಈಗಲೂ ಹೇಳುವವರಿದ್ದಾರೆ. ಆ ನಿಯಮವನ್ನು 2015ರಲ್ಲೇ ಕಿತ್ತು ಹಾಕಲಾಗಿದೆ. ಹೆಸರು ಕಾಯ್ದಿಡಲು 1,000 ರೂಪಾಯಿ. ಅಧಿಕೃತ ಬಂಡವಾಳ 15 ಲಕ್ಷ ಮೀರದಿದ್ದರೆ ಕೇಂದ್ರದ ನೋಂದಣಿ ಶುಲ್ಕ ಸೊನ್ನೆ. ರಾಜ್ಯದ ಸ್ಟಾಂಪ್ ಶುಲ್ಕ ಬೇರೆ, ಡಿಜಿಟಲ್ ಸಹಿಯ ದುಡ್ಡು ಬೇರೆ. 2020ರಿಂದ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಪ್ಯಾನ್, ಟ್ಯಾನ್, ಪಿಎಫ್, ಇಎಸ್‌ಐ ನೋಂದಣಿ ಎಲ್ಲಾ ಆಗುತ್ತದೆ. ಬೆಂಗಳೂರಿಗೆ ಓಡಬೇಕಾಗಿಲ್ಲ.

ಹಾಗಾದರೆ ಬಿಲ್ಲು ದೊಡ್ಡದಾಗುವುದು ಎಲ್ಲಿ? ಆಡಿಟರ ಫೀಸಿನಲ್ಲಿ. ಅದು ಒಬ್ಬೊಬ್ಬರದ್ದು ಒಂದೊಂದು. ‘ಇಷ್ಟು ಸಾವಿರಕ್ಕೆ ಕಂಪನಿ ರೆಡಿ’ ಎಂಬ ಜಾಹೀರಾತು ನೋಡಿ ಮರುಳಾಗುವ ಮುಂಚೆ, ಮೊದಲ ವರ್ಷದ ಲೆಕ್ಕಪತ್ರವೂ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು.

ಮದುವೆ ಖರ್ಚು ಬೇರೆ, ಸಂಸಾರ ಖರ್ಚು ಬೇರೆ

ಕಂಪನಿ ಹುಟ್ಟಿದ 30 ದಿನದೊಳಗೆ ಆಡಿಟರ ನೇಮಕ ಆಗಬೇಕು. 180 ದಿನದೊಳಗೆ ಶೇರಿನ ಹಣ ಬ್ಯಾಂಕಿಗೆ ಬಂದಿದೆ ಎಂದು ಘೋಷಣೆ ಕೊಡಬೇಕು. ಕೊಡದಿದ್ದರೆ ಕಂಪನಿಗೆ 50,000 ದಂಡ, ನಿರ್ದೇಶಕರಿಗೆ ಬೇರೆ.

ಆಮೇಲೆ ವರ್ಷ ವರ್ಷವೂ ಆಡಿಟ್. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಆಡಿಟ್! ಮಹಾಸಭೆ ನಡೆದ 30 ದಿನದೊಳಗೆ ಲೆಕ್ಕಪತ್ರ, 60 ದಿನದೊಳಗೆ ವಾರ್ಷಿಕ ರಿಟರ್ನ್ ಸಲ್ಲಿಸಬೇಕು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಎರಡೂ ಒಂದು ವರ್ಷ ತಡವಾದರೆ 73,000 ರೂಪಾಯಿ. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ಐದು ವರ್ಷ ನಿರ್ದೇಶಕರಾಗುವ ಅರ್ಹತೆಯೇ ಹೋಗುತ್ತದೆ. ಹೆದರಿಸುವ ಮಾತಲ್ಲ. 2017ರಲ್ಲಿ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಸರಕಾರ ಪಟ್ಟಿಯಿಂದ ಹೊಡೆದು ಹಾಕಿತ್ತು. ಸಾಕಪ್ಪಾ ಎಂದು ಮುಚ್ಚುವುದಕ್ಕೂ 10,000 ರೂಪಾಯಿ ಶುಲ್ಕ, ಅದಕ್ಕೂ ಮೊದಲು ಬಾಕಿ ರಿಟರ್ನ್‌ಗಳೆಲ್ಲ ಸಲ್ಲಿಕೆಯಾಗಬೇಕು.

ಇನ್ನು ಗಲ್ಲಾಪೆಟ್ಟಿಗೆ. ಸ್ವಂತ ಅಂಗಡಿಯಲ್ಲಿ ಮಗಳ ಮದುವೆಗೆಂದು ಎರಡು ಲಕ್ಷ ತೆಗೆದರೆ ಕೇಳುವವರಿಲ್ಲ. ಕಂಪನಿಯ ದುಡ್ಡು ಹಾಗಲ್ಲ ಮಾರಾಯ್ರೇ! ಸಂಬಳವೋ, ಲಾಭಾಂಶವೋ, ಸಾಲವೋ ಎಂದು ಬರೆಯಬೇಕು. ಸಾಲ ಎಂದು ಬರೆದರೂ ತೆರಿಗೆಯವರು ಲಾಭಾಂಶ ಎಂದೇ ಹಿಡಿಯಬಹುದು. ಪರಿಚಯದವರಿಂದ ಬಡ್ಡಿಗೆ ಕೈಸಾಲ ಎತ್ತುವುದೂ ಇಲ್ಲ. ಪ್ರೈವೇಟ್ ಕಂಪನಿ ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುವಂತಿಲ್ಲ.

ತೆರಿಗೆಯ ಲೆಕ್ಕವೂ ಬೇರೆ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ಅಂಗಡಿ ಮಾಲೀಕನ ವ್ಯಾಪಾರದ ಆದಾಯ 12 ಲಕ್ಷದವರೆಗಿದ್ದರೆ ತೆರಿಗೆ ಇಲ್ಲ. ಕಂಪನಿಗೆ ಈ ರಿಯಾಯಿತಿ ಇಲ್ಲ. ಲಾಭದ ಮೊದಲ ರೂಪಾಯಿಯಿಂದಲೇ ತೆರಿಗೆ. ಶೇ. 22ರ ದರ ಆರಿಸಿಕೊಂಡರೂ ಸರ್ಚಾರ್ಜು, ಸೆಸ್ಸು ಸೇರಿ ಸುಮಾರು ಶೇ. 25.17. ನಿರ್ದೇಶಕರ ಸಂಬಳವನ್ನು ಖರ್ಚಿಗೆ ಹಾಕಬಹುದು ಎಂಬುದೊಂದೇ ಸಮಾಧಾನ.

ಗೋಡೆಯಲ್ಲೊಂದು ಬಾಗಿಲು

ಇಷ್ಟೆಲ್ಲಾ ಮಾಡುವುದು ಮನೆ ಉಳಿಯಲಿ ಅಂತ ತಾನೇ? ಕಂಪನಿ ಹೆಸರಿನಲ್ಲಿ ಸಾಲಕ್ಕೆ ಹೋದರೆ ಬ್ಯಾಂಕಿನವರು ಕಾಗದದ ಕಟ್ಟು ಮುಂದಿಡುತ್ತಾರೆ. ಅದರಲ್ಲಿ ನಿರ್ದೇಶಕರ ಸ್ವಂತ ಜಾಮೀನು ಪತ್ರವೂ ಇರುವುದು ಸಾಮಾನ್ಯ. ಹತ್ತು ಕಡೆ ಸಹಿ ಹಾಕುವಾಗ ಇದೂ ಒಂದು ಎಂದು ಹಾಕಿಬಿಡುತ್ತಾರೆ. ಅಲ್ಲಿಗೆ ಗೋಡೆಗೆ ಬಾಗಿಲು ಕೊರೆದಂತಾಯಿತು. 1872ರ ಕರಾರು ಕಾಯಿದೆ ಪ್ರಕಾರ ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಕಂಪನಿ ಕಟ್ಟದಿದ್ದರೆ ಬ್ಯಾಂಕು ನೇರ ಮನೆ ಬಾಗಿಲಿಗೇ ಬರಬಹುದು. ಹೆಂಡತಿಯನ್ನು ಲೆಕ್ಕಕ್ಕೆ ಎರಡನೇ ಡೈರೆಕ್ಟರ್ ಮಾಡಿದ್ದರೆ, ಜಾಮೀನಿಗೆ ಆಕೆಯ ಸಹಿಯೂ ಇದ್ದರೆ, ಆಕೆಯ ಹೆಸರಿನ ಆಸ್ತಿಗೂ ಅದೇ ಗತಿ.

ಪ್ರೈವೇಟ್ ಕಂಪನಿಯ ಆದಾಯ ತೆರಿಗೆ, ಜಿಎಸ್‌ಟಿ ಬಾಕಿ ಕಂಪನಿಯಿಂದ ವಸೂಲಾಗದಿದ್ದರೆ ನಿರ್ದೇಶಕರಿಂದಲೇ ವಸೂಲು ಮಾಡಲು ಅವಕಾಶ ಉಂಟು. ತಮ್ಮ ಕಡೆಯಿಂದ ದೊಡ್ಡ ನಿರ್ಲಕ್ಷ್ಯ, ಕರ್ತವ್ಯಲೋಪ ಆಗಿಲ್ಲ ಎಂದು ಸಾಬೀತು ಮಾಡುವ ಭಾರ ಅವರದ್ದೇ. ಮೋಸ ನಡೆಸಿದವರಿಗಂತೂ ಗೋಡೆಯೇ ಇಲ್ಲ.

ಯಾರಿಗೆ ಹಿತ?

ದೊಡ್ಡ ಮಾಲು ಉದ್ರಿಯಲ್ಲಿ ತರುವವರು, ಹೊರಗಿನವರ ಬಂಡವಾಳ ಬಯಸುವವರು, ನಷ್ಟದ ಅಪಾಯ ಹೆಚ್ಚಿರುವ ಕಸುಬಿನವರು ಕಂಪನಿ ಮಾಡುವುದರಲ್ಲಿ ಅರ್ಥವಿದೆ. ಒಬ್ಬನೇ ಇದ್ದರೆ 2013ರ ಕಾಯಿದೆಯಲ್ಲಿ ಏಕವ್ಯಕ್ತಿ ಕಂಪನಿಯ ದಾರಿ ಇದೆ. ಇಬ್ಬರಿದ್ದರೆ 2008ರ ಕಾಯಿದೆಯ ಎಲ್‌ಎಲ್‌ಪಿ ಇದೆ. ಅದರಲ್ಲೂ ಹೊಣೆ ಸೀಮಿತ. ವಹಿವಾಟು 40 ಲಕ್ಷ ಅಥವಾ ಹಾಕಿದ ಬಂಡವಾಳ 25 ಲಕ್ಷ ಮೀರದಿದ್ದರೆ ಆ ಕಾಯಿದೆಯ ಆಡಿಟ್ ಕಡ್ಡಾಯವಲ್ಲ.

ನಗದು ವ್ಯಾಪಾರದ ದಿನಸಿ ಅಂಗಡಿ, ಹೋಟೆಲು, ಜವಳಿ ಮಳಿಗೆಯವರು ಮಾತ್ರ ಮೂರು ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮುಂದೆ ಹೋಗುವುದು ವಾಸಿ. ಹೊರಗಿನವರಿಗೆ ಇರುವ ಬಾಕಿ ಎಷ್ಟು? ವರ್ಷಕ್ಕೆ ಆಡಿಟರಿಗೆ ಕೊಡುವುದು ಎಷ್ಟು? ಬ್ಯಾಂಕಿನ ಸಾಲಕ್ಕೆ ಸ್ವಂತ ಜಾಮೀನು ಕೊಡಬೇಕೇ? ಬಾಕಿ ಕಡಿಮೆ, ಸಾಲವೆಲ್ಲ ಬ್ಯಾಂಕಿನದ್ದೇ, ಅದಕ್ಕೂ ಸ್ವಂತ ಸಹಿ ಎಂದಾದರೆ, ಬೋರ್ಡಿನ ಬಾಲಕ್ಕೆ ವರ್ಷ ವರ್ಷ ದುಡ್ಡು ಸುರಿದದ್ದಷ್ಟೇ ಬಂತು. ಆ ದುಡ್ಡನ್ನು ಪಿಗ್ಮಿಗೆ ಕಟ್ಟಿದರೆ ಬಡ್ಡಿಯಾದರೂ ಬರುತ್ತದೆ.