ಕಬೂಸ್: ಗೂಡ್ಸ್ ರೈಲಿನ ಬಾಲ

ಗೂಡ್ಸ್ ರೈಲಿನ ಡಬ್ಬಿ ಎಣಿಸಿದವರಿಗೆಲ್ಲ ಕೊನೆಯ ಗಾರ್ಡ್ ಡಬ್ಬಿ ಗೊತ್ತು. ಅಮೆರಿಕದಲ್ಲಿ ಅದರ ಹೆಸರು ಕಬೂಸ್. ಹಾಸಿಗೆ, ಮೇಜು, ಒಲೆ ಎಲ್ಲ ಇದ್ದ ಪುಟ್ಟ ಮನೆ. ಎಷ್ಟೋ ಕಬೂಸ್‌ಗಳ ಛಾವಣಿ ಮೇಲೊಂದು ಗೂಡು. ಅಲ್ಲಿ ಕೂತು ಯಾವ ಚಕ್ರದ ಬೇರಿಂಗ್ ಕಾದು ಹೊಗೆಯಾಡ್ತಿದೆ ಅಂತ ನೋಡೋರು. 1980ರ ದಶಕದಲ್ಲಿ ಆ ಕೆಲಸವೆಲ್ಲ ಯಂತ್ರಗಳ ಪಾಲಾಯ್ತು. ರೈಲಿನ ಬಾಲಕ್ಕೆ ಮಿನುಗೋ ಪೆಟ್ಟಿಗೆಯೊಂದು ಬಂತು, ಕಬೂಸ್ ಮನೆಗೆ ಹೋಯ್ತು.

ಮಾಡೆಲ್ ರೈಲಿನ ಹುಚ್ಚಿರೋರು ಬಿಡಬೇಕಲ್ಲ! ಎಚ್‌ಓ ಸ್ಕೇಲ್‌ನಲ್ಲಿ ಅಳತೆ 87ರಲ್ಲಿ 1 ಪಾಲು. 36 ಅಡಿಯ ಡಬ್ಬಿ ಸುಮಾರು 5 ಇಂಚಾಗುತ್ತೆ. ಎಷ್ಟೋ ರೈಲ್ವೆಗಳು ಕಬೂಸ್‌ಗಳನ್ನ ತಮ್ಮದೇ ವರ್ಕ್‌ಶಾಪಲ್ಲಿ ಕಟ್ಟಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಸಂಗ್ರಹದ ಮಜಾ ಅಲ್ಲೇ. ಪೆನ್ಸಿಲ್ವೇನಿಯಾ ರೈಲ್‌ರೋಡ್‌ 1941-42ರಲ್ಲಿ ಕಟ್ಟಿದ ಎನ್5ಸಿ ನೋಡಿ: ಹಡಗಿನ ಹಾಗೆ ದುಂಡು ಕಿಟಕಿ!

ಹೊಸ ಮಾಡೆಲ್ ಮದುವೆಗೆ ಹೊರಟ ಹಾಗೆ ಹೊಳೀತಿರುತ್ತೆ. ಆ ನುಣುಪಿನ ಮೇಲೇ ಮೊದಲು ನಂಬರಿನ ಡೆಕಾಲ್ ಅಂಟಿಸಿ, ಆಮೇಲೆ ಮ್ಯಾಟ್ ವಾರ್ನಿಶ್. ನಂತರ ಚಾಕ್ ಪುಡಿ: ಒಲೆಯ ಕೊಳವೆ ಸುತ್ತ ಮಸಿ, ಕೆಳಗಡೆ ಧೂಳು. ಬ್ರಷ್ ಮೇಲಿಂದ ಕೆಳಕ್ಕೇ ಎಳೀರಿ. ಮಳೆನೀರು ಅಡ್ಡಡ್ಡ ಹರಿಯಲ್ಲ.

ಒಳಗಿನ ಎಲ್‌ಇಡಿಗೆ ಹಳಿಯಿಂದಲೇ ಕರೆಂಟ್. ಕೊಳೆ ಹಳಿ ಮೇಲೆ ಮಿಣಮಿಣ ಅನ್ನದಿರೋಕೆ ಒಂದು ಕೆಪಾಸಿಟರ್ ಸೇರಿಸಿ. ಬೆಳಕು ಮಾತ್ರ ಹಳದಿಯೇ ಇರಲಿ. ಬಿಳಿ ಹಾಕಿದ್ರೆ ಸೀಮೆಎಣ್ಣೆ ದೀಪದ ಕಾಲದ ಡಬ್ಬಿ ಮೊಬೈಲ್ ಅಂಗಡಿ ಥರ ಕಾಣುತ್ತೆ.