ಮನೆಯೊಳಗೊಂದು ಕಡಲು: ಖರ್ಚು ಕಮ್ಮಿ, ಕಾಯುವುದು ಜಾಸ್ತಿ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಾಸರಗೋಡಿನವರಿಗೆ ಮನೆಬಾಗಿಲಲ್ಲೇ ಕಡಲು ಉಂಟು. ಬೂತಾಯಿ, ಬಂಗುಡೆ ಗೊತ್ತಿಲ್ಲದ ಮಕ್ಕಳಿಲ್ಲ. ಆದರೆ ಮನೆಯ ಗಾಜಿನ ತೊಟ್ಟಿಯಲ್ಲಿ ಈಜುವುದು ಹೆಚ್ಚಾಗಿ ಸಿಹಿನೀರಿನ ಗೋಲ್ಡ್‌ಫಿಶ್! ಉಪ್ಪುನೀರಿನ ಮೀನು ಸಾಕುವುದು ದುಡ್ಡಿದ್ದವರ ಕೆಲಸ ಮಾರಾಯ್ರೇ ಎನ್ನುವವರೇ ಹೆಚ್ಚು. ಅದು ಅರ್ಧ ನಿಜ. ಹವಳ ಬೆಳೆಸಲು ಹೊರಟರೆ ಖರ್ಚಿಗೆ ಕೊನೆಯಿಲ್ಲ. ಎರಡು ಮೀನು ಸಾಕು ಎನ್ನುವವರಿಗೆ ದುಡ್ಡಿಗಿಂತ ತಾಳ್ಮೆಯೇ ಹೆಚ್ಚು ಬೇಕು.

ಚಿಕ್ಕದು ಅಗ್ಗವಲ್ಲ

ಚಿಕ್ಕ ತೊಟ್ಟಿ ಅಗ್ಗ ಎಂಬುದು ಮೊದಲ ತಪ್ಪು ಲೆಕ್ಕ. ನೀರು ಕಮ್ಮಿಯಿದ್ದಷ್ಟೂ ಉಪ್ಪು, ಬಿಸಿ, ಕೊಳೆ ಬೇಗ ಏರುತ್ತವೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲಡಿ ಎತ್ತರದ ತೊಟ್ಟಿ ಸುಮಾರು 100 ಲೀಟರ್ ಹಿಡಿಯುತ್ತದೆ. ಆರಂಭಕ್ಕೆ ಅದು ಸರಿ. ನೀರೇ 100 ಕಿಲೋ ತೂಗುವುದರಿಂದ ಗಟ್ಟಿ ಮರದ ಮೇಜು ಬೇಕು. ಹಳೆಯ ತೊಟ್ಟಿಯಾದರೂ ಅಡ್ಡಿಯಿಲ್ಲ, ಸೋರದಿದ್ದರೆ ಆಯಿತು. ನಮ್ಮ ಸೆಕೆಗೆ ಹೀಟರ್ ಬೇಡ. ಬೇಸಿಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ತಂಪಾಗುತ್ತದೆ.

ಎಂತಹ ನೀರು?

ಕಡಲ ನೀರು ಪುಕ್ಕಟೆ. ಹಾಗಂತ ಎಲ್ಲಿಂದಾದರೂ ತರುವಂತಿಲ್ಲ. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಕಡಲು ಸೇರುವಲ್ಲಿ ಉಪ್ಪು ಕಮ್ಮಿ; ದೋಣಿ ನಿಲ್ಲುವಲ್ಲಿ ಎಣ್ಣೆ. ಮಳೆಗಾಲದಲ್ಲಂತೂ ತರಲೇಬೇಡಿ. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿ ಎರಡು ವಾರ ಕತ್ತಲೆಯಲ್ಲಿಡಿ. ತಾಮ್ರ, ಹಿತ್ತಾಳೆ ಕೊಡ ಬೇಡ. ತಾಮ್ರ ಸಿಗಡಿಗೆ ವಿಷ. ಸೊಲ್ಲಾಪುರ, ಹೊಸೂರಿನಂತಹ ಕಡಲಿಲ್ಲದ ಊರಿನವರು ಅಕ್ವೇರಿಯಂ ಉಪ್ಪು ಕೊಳ್ಳಬೇಕು. 100 ಲೀಟರಿಗೆ ಸುಮಾರು ಮೂರೂವರೆ ಕಿಲೋ. ಅಡುಗೆ ಉಪ್ಪು ನಡೆಯದು. ಅದರಲ್ಲಿ ಕಡಲಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಇಲ್ಲ.

ಸಾರು ಬತ್ತಿದರೆ ಉಪ್ಪೇರುವುದು ಅಡುಗೆಮನೆಗೆ ಗೊತ್ತಿದ್ದದ್ದೇ. ತೊಟ್ಟಿಯಲ್ಲೂ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟಕ್ಕೆ ಉಪ್ಪುನೀರು ಸುರಿಯದೆ ಕ್ಲೋರಿನ್ ಇಲ್ಲದ ಸಿಹಿನೀರು ಹಾಕಬೇಕು. ಉಪ್ಪಿನಂಶ ಅಳೆಯುವ ಹೈಡ್ರೋಮೀಟರ್ 1.025ರ ಆಸುಪಾಸು ತೋರಿಸಬೇಕು. ಈ ಉಪಕರಣದಲ್ಲಿ ಮಾತ್ರ ಜಿಪುಣತನ ಬೇಡ.

ಖಾಲಿ ತೊಟ್ಟಿಯ ಆರು ವಾರ

ನೀರು ತುಂಬಿಸಿದ ದಿನವೇ ಮೀನು ಬಿಟ್ಟರೆ ಅದು ಸಾಯುವುದೇ ಹೆಚ್ಚು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಸೂಕ್ಷ್ಮಜೀವಿಗಳು ಕಲ್ಲು, ಮರಳು, ಸ್ಪಂಜಿನಲ್ಲಿ ಬೆಳೆಯಬೇಕು. ಇದಕ್ಕೆ ನಾಲ್ಕರಿಂದ ಆರು ವಾರ. ಒಂದು ಸಿಗಡಿ ತುಂಡು ಹಾಕಿ, ಪಂಪು ಓಡಿಸಿ, ಸುಮ್ಮನೆ ಕಾಯಿರಿ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲಷ್ಟೇ ಮೀನು.

ಕಡಲಿನಿಂದ ಹವಳದ ಕಲ್ಲು ಕಿತ್ತು ತರುವ ಯೋಚನೆ ಬೇಡವೇ ಬೇಡ. ಹವಳ, ಕಡಲಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮೆರುಗು ಹಚ್ಚದ ಒಡೆದ ಮಣ್ಣಿನ ಕುಂಡ ಮೀನಿಗೆ ಅಡಗಲು ಸಾಕು.

ಮೊದಲಿಗೆ ಒಂದು ಜೊತೆ ಕ್ಲೌನ್ ಮೀನು ಒಳ್ಳೆಯದು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ರೂಪಿಸಿದೆ. ಹಾಗೆ ಹುಟ್ಟಿದ ಮರಿಯನ್ನೇ ಕೇಳಿ ತನ್ನಿ. ಅದು ಕೊಟ್ಟ ಆಹಾರ ತಿನ್ನುತ್ತದೆ, ಕಡಲಿನ ಮೀನೂ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಿಸಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಉಸಿರುಳಿಸಲು ಬ್ಯಾಟರಿಯ ಗಾಳಿಪಂಪು ಕೈಯಲ್ಲಿರಲಿ. ಸಾಕಿ ಸಾಕಾಯಿತೆಂದು ಮೀನನ್ನು ಕಡಲಿಗೆ ಬಿಡಬೇಡಿ. ರೋಗವೂ ಜೊತೆಗೆ ಹೋಗುತ್ತದೆ. ಸಾಕುವ ಇನ್ನೊಬ್ಬರಿಗೆ ಕೊಡಿ.