ನಿಮಗಿದು ಗೊತ್ತೇ? ಕಡಲಿಲ್ಲದ ನಮ್ಮೂರಿಗೂ ದೀಪಸ್ತಂಭಕ್ಕೂ ಇರುವ ನಂಟು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ: ಈ ಮೂರಕ್ಕೂ ಕಡಲ ಕಿನಾರೆ ಇಲ್ಲ. ಆದರೂ ಕರಾವಳಿಯ ದೀಪಸ್ತಂಭಗಳ ಕತೆಯಲ್ಲಿ ಮೂರಕ್ಕೂ ಪಾಲಿದೆ.

● ದೀಪಸ್ತಂಭ ಬರುವ ಮೊದಲೇ ನಾವಿಕರಿಗೆ ಗುರುತಾಗಿದ್ದದ್ದು ಬೆಳ್ತಂಗಡಿಯ ನೆತ್ತಿಯ ಮೇಲಿರುವ ಕುದುರೆಮುಖ! ಸುಮಾರು 1,890 ಮೀಟರ್ ಎತ್ತರದ ಈ ಶಿಖರ, ಲೆಕ್ಕದ ಪ್ರಕಾರ, ಆಕಾಶ ತಿಳಿಯಾಗಿದ್ದರೆ 150 ಕಿ.ಮೀ. ದೂರಕ್ಕೂ ಕಾಣಬೇಕು. ಆದರೆ ಅದು ಹಗಲಿನ ಗುರುತು ಮಾತ್ರ. ರಾತ್ರಿಗೆ ದೀಪವೇ ಬೇಕು.

● ನಮಗೆಲ್ಲ ಚಿರಪರಿಚಿತ ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು.

● ಕಾಪು ಗೋಪುರದ ಎತ್ತರ ಸುಮಾರು 27 ಮೀಟರ್. ಇಷ್ಟೆತ್ತರ ಯಾಕೆ? ಭೂಮಿ ದುಂಡಗಿರುವುದರಿಂದ ಮರಳಿನ ಮೇಲೆ ನಿಂತವರ ಕಣ್ಣಿಗೆ ಕಡಲು 5 ಕಿ.ಮೀ. ಒಳಗೇ ಮುಗಿಯುತ್ತದೆ. 27 ಮೀಟರ್ ಮೇಲೇರಿದರೆ ದಿಗಂತ 18 ಕಿ.ಮೀ. ಆಚೆಗೆ ಸರಿಯುತ್ತದೆ. ಗೋಪುರವನ್ನು ಬಂಡೆಯ ಮೇಲೆ ಕಟ್ಟಿದ್ದರಿಂದ ದೀಪ ಇನ್ನಷ್ಟು ಎತ್ತರಕ್ಕೇರಿದೆ, ಬುಡವೂ ಭದ್ರವಾಗಿದೆ.

● ಗೋಪುರ ದುಂಡಗಿರುವುದು ಅಂದಕ್ಕಷ್ಟೇ ಅಲ್ಲ. ಮಳೆಗಾಲದ ಬಿರುಗಾಳಿ ದುಂಡು ಗೋಡೆಯನ್ನು ಬಳಸಿಕೊಂಡು ಹೋಗುತ್ತದೆ. ಚೌಕ ಗೋಡೆಯಾದರೆ ನೇರ ಬಡಿಯುತ್ತದೆ. ಕಪ್ಪು ಬಿಳುಪು ಪಟ್ಟೆಗಳೂ ಅಲಂಕಾರವಲ್ಲ, ಹಗಲಲ್ಲಿ ದೂರದಿಂದಲೇ ಗುರುತು ಹಿಡಿಯಲು ಬಳಿದ ಬಣ್ಣ.

● ಹಳೆಯ ಕಾಲದ ಎಣ್ಣೆದೀಪ ಹತ್ತಾರು ಮೈಲಿ ಕಾಣುತ್ತಿದ್ದದ್ದು ಹೇಗೆ? ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರದಿಂದ. ಉಂಗುರ ಉಂಗುರವಾಗಿ ಜೋಡಿಸಿದ ಗಾಜಿನ ಪಟ್ಟಕಗಳು ಸುತ್ತ ಚದುರುವ ಬೆಳಕನ್ನು ಬಾಗಿಸಿ ಒಂದೇ ದಿಕ್ಕಿಗೆ ಕಳಿಸುತ್ತವೆ. ಟನ್ನುಗಟ್ಟಲೆ ಭಾರದ ದೊಡ್ಡ ಮಸೂರಗಳನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುತ್ತಿದ್ದರು. ಆಗ ಬೆರಳಿನಿಂದ ತಳ್ಳಿದರೂ ತಿರುಗುತ್ತಿದ್ದವು!

● ಒಂದು ದೀಪಸ್ತಂಭದ ಮಿನುಗು ಅಕ್ಕಪಕ್ಕದ ದೀಪಸ್ತಂಭಕ್ಕಿರುವುದಿಲ್ಲ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗಿತು ಎಂದು ಎಣಿಸಿದರೆ ಸಾಕು, ಎದುರಿಗಿರುವುದು ಯಾವ ಊರೆಂದು ನಾವಿಕರಿಗೆ ತಿಳಿಯುತ್ತದೆ.

● ರಾಜ್ಯದ ಒಂಟಿ ದೀಪಸ್ತಂಭಗಳಲ್ಲಿ ಒಂದು ಕಾರವಾರದಾಚೆಯ ದೇವಗಡ ದ್ವೀಪದಲ್ಲಿದೆ. ಅದು 1864ರದ್ದು, ಕಾಪುವಿಗಿಂತ 37 ವರ್ಷ ಹಿರಿಯದು. ಅಲ್ಲಿಗೆ ಹೋಗಬೇಕಾದರೆ ದೋಣಿಯೇ ಗತಿ.

● ಬೆಳಕು ಕಾದದ್ದು ನಮ್ಮ ಸರಕನ್ನೂ ಹೌದು. ಬಂಟ್ವಾಳ, ಪಾಣೆಮಂಗಳೂರಿನ ಪೇಟೆಗಳಿಂದ ನೇತ್ರಾವತಿಯ ಮೇಲೆ ದೋಣಿಗಳು ಮಂಗಳೂರು ಬಂದರಿಗೆ ಇಳಿಯುತ್ತಿದ್ದವು. ಘಟ್ಟದ ಮೇಲಿನ ಕಾಫಿಗೂ ಬಂಟ್ವಾಳವೇ ದಾರಿ. ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿ ನದಿಯೂ ನೇತ್ರಾವತಿ ಸೇರುವ ಅಳಿವೆಯಲ್ಲೇ ಕಡಲಿಗಿಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಈ ಹೊಳೆಗಳ ದಂಡೆಯ ಆವೆಮಣ್ಣು ಮಂಗಳೂರು ಹೆಂಚಾಗಿ ಹಡಗೇರಿತು.

● ಮೂಡುಬಿದಿರೆಯ ಕಡಲ ನಂಟು ಕಲ್ಲಿನಲ್ಲೇ ಉಳಿದಿದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದರೆ ಭೈರಾದೇವಿ ಮಂಟಪದ ಬುಡದತ್ತ ಕಣ್ಣು ಹಾಯಿಸಿ. ಅಲ್ಲಿ ಜಿರಾಫೆಯೂ ಚೀನೀ ಡ್ರಾಗನ್ನೂ ಇವೆ! ಆಫ್ರಿಕಾದ ಪ್ರಾಣಿ, ಚೀನಾದ ಕಲ್ಪನೆ ಇಲ್ಲಿನ ಶಿಲ್ಪಿಗೆ ಸಿಕ್ಕಿದ್ದು ಕಡಲ ವ್ಯಾಪಾರದಿಂದ ಎನ್ನುತ್ತಾರೆ.

● ಸುರತ್ಕಲ್ಲಿನ ದೀಪಸ್ತಂಭ 1972ರದ್ದು. ಪಕ್ಕದ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಮುಂದೆ ಕುದುರೆಮುಖದ ಅದಿರು ನೀರಿನೊಂದಿಗೆ ಬೆರೆತು 67 ಕಿ.ಮೀ. ಕೊಳವೆಯಲ್ಲಿ ಅಲ್ಲಿಗೇ ಇಳಿಯಿತು. ಹಡಗುಗಳಿಗೆ ಗುರುತಾಗಿದ್ದ ಬೆಟ್ಟವೇ ಹಡಗಿನ ಸರಕಾಯಿತು. 2005ರ ಕೊನೆಗೆ ಗಣಿಗಾರಿಕೆ ನಿಂತದ್ದು ನಮ್ಮ ಹೊಳೆಗಳ ಪುಣ್ಯ.

● ಉಪಗ್ರಹ ದಾರಿ ತೋರುವ ಈ ಕಾಲದಲ್ಲೂ ದೀಪಸ್ತಂಭಗಳಿಗೆ ಕೆಲಸವಿದೆ. 1927ರ ದೀಪಸ್ತಂಭ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆಯೇ ಬಂತು. ಯಂತ್ರ ಕೈಕೊಟ್ಟ ದೋಣಿಗೆ ದಡದ ದೀಪ ಇಂದಿಗೂ ನಂಬಿಕೆಯ ಗುರುತು.

● ಕಾಪುವಿನಲ್ಲಿ ಸಂಜೆ ಹೊತ್ತು ಗೋಪುರ ಹತ್ತಲು ಬಿಡುತ್ತಾರೆ. ಮೂಡುಬಿದಿರೆಯವರಿಗೆ ಕಿನ್ನಿಗೋಳಿ, ಮೂಲ್ಕಿ, ಪಡುಬಿದ್ರಿ ದಾರಿ ಇದೆ. ಮಕ್ಕಳನ್ನು ಕರೆದೊಯ್ಯಿರಿ. ಸೂರ್ಯಾಸ್ತದ ಫೋಟೊ ತೆಗೆದಾದ ಮೇಲೆ ಪೂರ್ವದ ಘಟ್ಟದ ದಿಕ್ಕನ್ನೂ ತೋರಿಸಿ, ಈ ದೀಪದಲ್ಲಿ ನಮ್ಮೂರಿನ ಪಾಲೂ ಇದೆಯೆಂದು ಹೇಳಿ.